ತುರ್ತು ಚಿಕಿತ್ಸೆಯ ಬಾಗಿಲಲ್ಲಿ

2023ರ ಮೇ 10ರ ಬೆಳಗಿನ ಜಾವ ಕೇರಳದ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಗೆ ಗಾಯಾಳುವೊಬ್ಬನನ್ನು ಪೊಲೀಸರೇ ಕರೆತಂದಿದ್ದರು. ಚಿಕಿತ್ಸೆ ನೀಡುತ್ತಿದ್ದ ಕಡೆಯಲ್ಲೇ ಇದ್ದ ಕತ್ತರಿಯಿಂದ ಇರಿದು ಆತ ಯುವ ವೈದ್ಯೆ ಡಾ. ವಂದನಾ ದಾಸ್ ಅವರನ್ನು ಕೊಂದನು. ಅದು ಮಹಾನಗರದ ಆಸ್ಪತ್ರೆಯಲ್ಲ. ರಾಯದುರ್ಗ, ಮಡಕಶಿರಾಗಳಂತಹ ಊರಿನದು. ಮರುವರ್ಷ ಆಗಸ್ಟ್ 9ರಂದು ಕೋಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಯ ಹತ್ಯೆಯಾಯಿತು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ವೈದ್ಯರ ರಕ್ಷಣೆಗಾಗಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು.

ಕಾನೂನಿಗೆ ಕೊರತೆಯಿಲ್ಲ. ಆಂಧ್ರಪ್ರದೇಶವು 2008ರಲ್ಲಿ, ಕರ್ನಾಟಕವು 2009ರಲ್ಲಿ ಈ ಬಗ್ಗೆ ಪ್ರತ್ಯೇಕ ಶಾಸನಗಳನ್ನೇ ಮಾಡಿವೆ. ವೈದ್ಯರ ಮೇಲೆ ಕೈ ಮಾಡುವುದು ಎರಡೂ ಕಡೆ ಜಾಮೀನು ದೊರೆಯದ ಅಪರಾಧ. ರೋಗಿಯನ್ನು ರಾಯದುರ್ಗದಿಂದ ಬಳ್ಳಾರಿಗೆ ಸಾಗಿಸಿದವರಿಗೂ ಗಡಿ ದಾಟಿದ ಮಾತ್ರಕ್ಕೆ ಅದು ಸಡಿಲವಾಗದು. ಆದರೆ ಶಾಸನವು ಎಚ್ಚರಗೊಳ್ಳುವುದು ಪೆಟ್ಟು ಬಿದ್ದ ಮೇಲೆ.

ಪೆಟ್ಟಿಗೆ ಮುಂಚಿನ ಗಳಿಗೆಯನ್ನು ನೋಡಬೇಕು. ತುರ್ತು ವಿಭಾಗದಲ್ಲಿ ಮೊದಲು ಬಂದವರಿಗೆ ಮೊದಲ ಚಿಕಿತ್ಸೆ ಎಂಬ ನಿಯಮವಿಲ್ಲ. ಪ್ರಾಣಾಪಾಯ ಹೆಚ್ಚಿದ್ದವರಿಗೆ ಮೊದಲ ಚಿಕಿತ್ಸೆ. ಕೈ ಮುರಿದುಕೊಂಡು ಕುಳಿತ ಹುಡುಗನನ್ನು ಬಿಟ್ಟು, ಆಮೇಲೆ ಬಂದ ಎದೆನೋವಿನವರ ಬಳಿಗೆ ವೈದ್ಯರು ಓಡಿದರೆ ಅದು ಪಕ್ಷಪಾತವಲ್ಲ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಹುಡುಗನ ತಂದೆಗೆ ಹಾಗೆ ತೋರುವುದೂ ಸಹಜವೇ. 'ಇಲ್ಲಿ ಆಗದು, ಅನಂತಪುರಕ್ಕೆ ಕರೆದೊಯ್ಯಿರಿ' ಎಂಬ ಮಾತೂ ಹೀಗೆಯೇ. ತಜ್ಞರೂ ಯಂತ್ರಗಳೂ ಇಲ್ಲದ ಕಡೆ ರೋಗಿಯನ್ನು ಇಟ್ಟುಕೊಂಡರೆ ಅಪಾಯವೆಂದು ವೈದ್ಯರು ಹಾಗೆನ್ನುತ್ತಾರೆ; ಮನೆಯವರಿಗೆ ಮಾತ್ರ ಕೈತೊಳೆದುಕೊಂಡಂತೆ ಕೇಳಿಸುತ್ತದೆ. ಸಿಬ್ಬಂದಿಯ ಅಭಾವಕ್ಕೆ ಸರಕಾರ ಉತ್ತರ ಹೇಳಬೇಕು; ಎದುರಿಗೆ ಸಿಗುವವರು ಮಾತ್ರ ರಾತ್ರಿ ಪಾಳಿಯ ಒಬ್ಬ ವೈದ್ಯರು.

ಗಡಿನಾಡಿನಲ್ಲಿ ಭಾಷೆಯ ತೊಡಕೂ ಸೇರುತ್ತದೆ. ವೈದ್ಯರು ತೆಲುಗಿನಲ್ಲಿ ಹೇಳಿದ್ದು ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಭಯವೇ ತುಂಬುತ್ತದೆ. ಕನ್ನಡ ಶಾಲೆಯ ಮಕ್ಕಳು ಎರಡು ಭಾಷೆಗಳನ್ನೂ ಬಲ್ಲವರೆಂದು ಇಂತಹ ವೇಳೆ ಅವರನ್ನೇ ಮುಂದೆ ನಿಲ್ಲಿಸುವುದುಂಟು. ತಾತನ ಸ್ಥಿತಿ ಗಂಭೀರವೆಂಬ ಮಾತನ್ನು ಹದಿಮೂರರ ಹುಡುಗಿಯ ಬಾಯಿಂದ ಹೇಳಿಸುವುದು ತರವಲ್ಲ. ತೆಲುಗು ಬಲ್ಲ ಹಿರಿಯರೊಬ್ಬರು ಜೊತೆಗೆ ಹೋಗಲಿ. ವೈದ್ಯರೊಡನೆ ಮಾತನಾಡುವವರು ಅವರೊಬ್ಬರೇ ಆಗಿರಲಿ. ಉಳಿದವರು ಹೊರಗೆ ನಿಂತರೆ ಒಳಗೆ ಸ್ಟ್ರೆಚರ್ ತಿರುಗಲು ಜಾಗವಾದರೂ ಸಿಗುತ್ತದೆ. ಹಳೆಯ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿಟ್ಟರೆ, ಅಪರಾತ್ರಿಯಲ್ಲಿ ಹೊರಡುವಾಗ ಹುಡುಕಾಟ ತಪ್ಪುತ್ತದೆ.