ತಾಳ ಒಬ್ಬರ ಕೈಯಲ್ಲಿರಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಈಗ ಸೋಬಾನೆ, ತತ್ವಪದ, ತಮಟೆ ಎಲ್ಲವನ್ನೂ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡುತ್ತೇವೆ. ಎರಡು ಮೊಬೈಲ್ ಇಟ್ಟು ಒಂದು ಗಂಟೆ ರೆಕಾರ್ಡ್ ಮಾಡಿ, ಆಮೇಲೆ ಕೂಡಿಸಿ ಕೇಳಿ. ಮೊದಲು ಒಂದಾಗಿದ್ದ ಪೆಟ್ಟು ಕೊನೆಗೆ ಎರಡಾಗಿ ಕೇಳಿಸಬಹುದು.

ಕಾರಣ, ಪ್ರತಿ ಯಂತ್ರದೊಳಗೂ ಅದರದೇ ಗಡಿಯಾರವಿದೆ. ಅದರ ಲೆಕ್ಕದಲ್ಲಿ ಯಂತ್ರ ದನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆಯುತ್ತದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ತಾಳ ಕೆಡಲು ಅಷ್ಟು ಸಾಕು. ಅದಕ್ಕೇ ಸ್ಟುಡಿಯೋದಲ್ಲಿ ಒಂದು ಯಂತ್ರವನ್ನು ಯಜಮಾನ ಮಾಡಿ, ಉಳಿದವನ್ನು ವರ್ಡ್ ಕ್ಲಾಕ್ ಕೇಬಲ್‌ನಿಂದ ಅದರ ಎಣಿಕೆಗೆ ಕಟ್ಟುತ್ತಾರೆ.

ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ಮೂಲಕ ಊರಿನ ದನಿಯನ್ನು ಮನೆಮನೆಗೆ ಮುಟ್ಟಿಸಿದ ಜಿಲ್ಲೆ ನಮ್ಮದು. ಸಮುದಾಯ ರೇಡಿಯೋಗೆ, ಹಾಡುಗಳ ದಾಖಲೆಗೆ ಹಣ ಕೊಡುವವರು ಮೈಕು ಎಷ್ಟು ಎಂದು ಕೇಳುವ ಮೊದಲು ಗಡಿಯಾರ ಒಂದೇ ಇದೆಯೇ ಎಂದು ಕೇಳಬೇಕು. ಹಣವಿಲ್ಲದವರು ಎಲ್ಲ ಮೈಕನ್ನೂ ಒಂದೇ ರೆಕಾರ್ಡರ್‌ಗೆ ಸೇರಿಸಲಿ. ಅದೂ ಆಗದಿದ್ದರೆ ಆರಂಭಕ್ಕೊಂದು, ಕೊನೆಗೊಂದು ಚಪ್ಪಾಳೆ ತಟ್ಟಲಿ. ಎರಡೂ ಕೂಡುವಂತೆ ಆಮೇಲೆ ಸರಿಪಡಿಸಬಹುದು.

ಯಂತ್ರ ನಾಳೆಯೂ ಸಿಗುತ್ತದೆ. ಪದ ಹೇಳುವ ಅಜ್ಜಿ ಇನ್ನೊಮ್ಮೆ ಸಿಗುತ್ತಾರೆ ಎನ್ನುವ ಹಾಗಿಲ್ಲ.