ಗಾಯಕ್ಕೆ ಹೊಣೆ ಯಾರು?



ಎಸ್ಟೇಟಿನಲ್ಲಿ ಯಾರಿಗಾದರೂ ಪೆಟ್ಟಾದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಹಣೆಬರಹ’. ಮೇಸ್ತ್ರಿಯ ಬಾಯಿಗೆ ಬರುವುದು ‘ನೋಡಿಕೊಂಡು ನಡೆಯಬೇಕಿತ್ತು’. ನಾನು ಚಿಕ್ಕವನಿದ್ದಾಗ ನಮ್ಮ ಲೈನಿನ ಒಬ್ಬ ತಾಯಿ ಎಲೆಯ ಮೂಟೆ ಹೊತ್ತು ಇಳಿಯುವಾಗ ಮುರಿದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಫೀಸಿನಿಂದ ಸ್ವಲ್ಪ ಹಣ, ಒಂದು ಕಂಬಳಿ ಬಂದವು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ದೊರೆ ದಯಾಳು ಎಂದು ನಾವು ಕೊಂಡಾಡಿದೆವು. ಮೆಟ್ಟಿಲು ಮುರಿದು ಎಷ್ಟು ತಿಂಗಳಾಗಿತ್ತೆಂದು ಒಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳುವುದು ದ್ವೇಷವಲ್ಲ, ನ್ಯಾಯ. ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದಲ್ಲಿ 1928ರಲ್ಲಿ ಮೇ ಡೊನಹ್ಯೂ ಎಂಬ ಬಡ ಹೆಂಗಸಿಗೆ ಗೆಳತಿಯೊಬ್ಬಳು ಶುಂಠಿ ಪಾನೀಯ ಕೊಡಿಸಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ಕಾಯಿಲೆಯಾಯಿತು ಎಂದು ಅವಳು ತಯಾರಕನ ಮೇಲೆ ದಾವೆ ಹೂಡಿದಳು. ಕೊಂಡವಳು ಅವಳಲ್ಲ, ತಯಾರಕನಿಗೂ ಅವಳಿಗೂ ಒಪ್ಪಂದವೇ ಇರಲಿಲ್ಲ. ಆದರೂ 1932ರಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರು, ಅವಳ ಮಾತು ರುಜುವಾತಾದರೆ ತಯಾರಕನೇ ಹೊಣೆ ಎಂದರು. ಅವರಲ್ಲಿ ಲಾರ್ಡ್ ಅಟ್ಕಿನ್ ಎಂಬವರು ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನೇ ಎತ್ತಿಕೊಂಡರು: ಕಾನೂನಿನಲ್ಲಿ ಅದರ ಅರ್ಥ ನೆರೆಯವನಿಗೆ ಹಾನಿ ಮಾಡದಿರುವುದು, ನಮ್ಮ ಅಜಾಗ್ರತೆಯಿಂದ ಯಾರಿಗೆ ಪೆಟ್ಟಾದೀತೆಂದು ನಾವು ಮುಂದಾಗಿ ತಿಳಿಯಬಹುದೋ ಅವರೇ ನೆರೆಯವರು.

ಈ ಕಾನೂನು ಮೂರು ಪ್ರಶ್ನೆ ಕೇಳುತ್ತದೆ. ಜಾಗ್ರತೆ ವಹಿಸುವ ಕರ್ತವ್ಯ ಇತ್ತೇ? ಅದನ್ನು ಮೀರಿದರೇ? ಆ ಕಾರಣದಿಂದಲೇ ಹಾನಿಯಾಯಿತೇ? ಮೂರಕ್ಕೂ ಹೌದೆಂದು ಸಾಬೀತಾದರೆ ಹಾನಿ ಮಾಡಿದವನು ಪರಿಹಾರ ಕೊಡಬೇಕು.

ಕೂಲಿಯವನ ವಿಷಯದಲ್ಲಿ ನಮ್ಮ ದೇಶದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1923ರ ಪರಿಹಾರ ಕಾಯಿದೆಯಂತೆ, ಕೆಲಸದಿಂದಾಗಿ ಕೆಲಸದ ಸಮಯದಲ್ಲಿ ಗಾಯವಾದರೆ ಮಾಲೀಕನ ತಪ್ಪನ್ನು ತೋರಿಸಬೇಕಾಗಿಯೇ ಇರಲಿಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮ ಉಳಿದಿದೆ. ಬರಿಯ ಅಜಾಗ್ರತೆಯಿಂದ ಹಕ್ಕು ಹೋಗದು. ಕುಡಿದ ಅಮಲಿನಲ್ಲಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದರೆ ಮಾಲೀಕನು ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಯಾದರೆ ಆ ನೆಪವೂ ನಡೆಯದು. ಎಸ್ಟೇಟು ಕೊಟ್ಟ ಲೈನು ಮನೆ ಕುಸಿದು ಕೆಲಸಗಾರನಿಗಾಗಲಿ ಅವನ ಮನೆಯವರಿಗಾಗಲಿ ಗಾಯವೋ ಸಾವೋ ಆದರೂ ಮಾಲೀಕನೇ ಹೊಣೆ. ಕುಸಿತಕ್ಕೆ ವಾಸಿಸುವವರ ತಪ್ಪೊಂದೇ ಕಾರಣವಾಗಿದ್ದರೆ ಅಥವಾ ಪ್ರಕೃತಿ ವಿಕೋಪದಿಂದ ಆಗಿದ್ದರೆ ಮಾತ್ರ ಇಲ್ಲ.

ಆದಕಾರಣ ನನ್ನ ಬಿನ್ನಹ ಇಷ್ಟು. ಗಾಯವಾದ ದಿನವೇ ಆಫೀಸಿಗೆ ಬರೆದು ತಿಳಿಸಿರಿ, ಒಂದು ಪ್ರತಿ ಇಟ್ಟುಕೊಳ್ಳಿರಿ. ಆಸ್ಪತ್ರೆಯ ಚೀಟಿಯನ್ನು ಬಿಸಾಡಬೇಡಿರಿ. ಕೆಲಸದ ಗಾಯಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿರಿ. ಒತ್ತಿದ್ದರೂ ಧೈರ್ಯಗೆಡಬೇಡಿರಿ, ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಾವಾದಲ್ಲಿ ಪರಿಹಾರವನ್ನು ಮಾಲೀಕನು ಅಧಿಕಾರಿಯ ಬಳಿ ಠೇವಣಿ ಇಡಬೇಕು, ಅಂಗಳದಲ್ಲಿ ಎಣಿಸಿ ಕೊಟ್ಟರೆ ಸಾಲದು.

ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರ್ಯದವನು ಆ ಗಾಯ ಮಾಡಿದವನಲ್ಲ. ಆದರೂ ತನ್ನ ಕೈಯಿಂದ ಖರ್ಚು ಕೊಟ್ಟನು. ಅದು ದಯೆ. ಮೆಟ್ಟಿಲನ್ನು ಸರಿಮಾಡದೆ ಬಿಟ್ಟವರು ಕೊಡುವುದು ದಯೆಯಲ್ಲ, ಸಾಲ. ಸಾಲವನ್ನು ಭಿಕ್ಷೆಯಂತೆ ಕೈಚಾಚಿ ತೆಗೆದುಕೊಳ್ಳುವುದು ದೀನತೆಯಲ್ಲ.

ನಮಗೂ ಒಂದು ಪಾಲಿದೆ. ಅಂದು ಆ ಮೆಟ್ಟಿಲನ್ನು ದಿನವೂ ತುಳಿದವರು ನಲವತ್ತು ಮಂದಿ. ಸಾಕ್ಷಿ ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಆ ತಾಯಿಗೆ ನೆರೆಯವರಾಗಬೇಕಾಗಿದ್ದವರು ನಾವೇ.