ಒಣಹವೆಯ ವಾರವೂ ನಮ್ಮ ಕಣವೂ

ದೀಪಾವಳಿ ಕಳೆದು ಕಾರ್ತಿಕದ ಚಳಿ ಹತ್ತುವ ಹೊತ್ತಿಗೆ, ಆಕಾಶವಾಣಿಯಲ್ಲಾಗಲಿ ಮೊಬೈಲಿನಲ್ಲಾಗಲಿ "ಮುಂದಿನ ಐದು ದಿನ ಮಲೆನಾಡು ಜಿಲ್ಲೆಗಳಲ್ಲಿ ಒಣಹವೆ, ರಾತ್ರಿಯ ಉಷ್ಣಾಂಶ ತುಸು ಇಳಿಯಲಿದೆ" ಎಂಬ ಮಾತು ಬಂದರೆ ಸಾಕು, ನಮ್ಮ ಬೆಳೆಗಾರರ ಮುಖ ಅರಳುತ್ತದೆ. ಮರುದಿನದಿಂದಲೇ ಊರಿನಲ್ಲಿ ಆಳುಗಳಿಗೆ ಎಲ್ಲಿಲ್ಲದ ಬೇಡಿಕೆ. ಅರೇಬಿಕಾ ಹಣ್ಣನ್ನೂ ಅದೇ ವಾರ ಕೊಯ್ಯಬೇಕು, ಅಡಿಕೆ ಕೊನೆಯನ್ನೂ ಅದೇ ವಾರ ಇಳಿಸಬೇಕು. ಈ ಆತುರದ ಬಗ್ಗೆ ಸದಸ್ಯ ಬಾಂಧವರೊಡನೆ ಎರಡು ಮಾತು ಆಡಬೇಕೆನಿಸಿದೆ. ಒಣಹವೆಯ ಮುನ್ಸೂಚನೆ ಕೇಳಿದವರು ಗಿಡವನ್ನು ನೋಡುವ ಮೊದಲು ತಮ್ಮ ಕಣವನ್ನು ನೋಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹವಾಮಾನ ಇಲಾಖೆಯ ಒಂದೊಂದು ಮಾತಿಗೂ ಲೆಕ್ಕವಿದೆ. ಒಣಹವೆ ಎಂದರೆ ಆ ಪ್ರದೇಶದ ಯಾವ ಕೇಂದ್ರದಲ್ಲೂ ಮಳೆಯ ನಿರೀಕ್ಷೆಯಿಲ್ಲ ಎಂದರ್ಥ. "ಒಂದೆರಡು ಕಡೆ ಮಳೆ" ಎಂದರೆ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಬೀಳಬಹುದು. "ಕೆಲವು ಕಡೆ" ಎಂದರೆ 26ರಿಂದ 50. ಹಾಗೆಯೇ, ದಿನದ ಮಳೆ 2.5 ಮಿ.ಮೀ. ಮುಟ್ಟದಿದ್ದರೆ ಅದನ್ನು ಮಳೆಯ ದಿನವೆಂದು ಇಲಾಖೆ ಎಣಿಸುವುದಿಲ್ಲ. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕೆಡಲು ಅಷ್ಟೂ ಬೇಕಾಗಿಲ್ಲವೆಂಬುದು ನಮಗೆಲ್ಲ ಗೊತ್ತು. ಇನ್ನು ಜಿಲ್ಲೆ ಎಂಬುದು ಬಹಳ ದೊಡ್ಡ ಮಾತು. ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ ಬಯಲುಸೀಮೆಯ ಕಡೂರೂ ಇದೆ, ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಶೃಂಗೇರಿಯೂ ಇದೆ. ಎರಡಕ್ಕೂ ಒಂದೇ ಸಾಲಿನ ಮುನ್ಸೂಚನೆಯನ್ನು ಅಕ್ಷರಶಃ ಅನ್ವಯಿಸಿಕೊಳ್ಳುವುದು ಸರಿಯಲ್ಲ.

ಮುನ್ಸೂಚನೆಯಲ್ಲಿ ಚಳಿ ಎಂಬ ಮಾತೂ ಇದೆಯಷ್ಟೆ. ಅದನ್ನು ನಾವು ಕಂಬಳಿಗೆ ಸಂಬಂಧಿಸಿದ್ದೆಂದು ಬಿಟ್ಟುಬಿಡುತ್ತೇವೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಕಾವು ಬೇಗ ಆರಿಹೋಗಿ ಇಬ್ಬನಿ ಸುರಿಯುತ್ತದೆ. ಹಗಲು ಒಣಗಿದ ಕಾಫಿಯೂ ಅಡಿಕೆಯೂ ಮುಚ್ಚದೆ ಬಿಟ್ಟರೆ ರಾತ್ರಿ ಮತ್ತೆ ತೇವ ಹೀರುತ್ತವೆ. ಬೂಷ್ಟು ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಬೇಡ. ಕಣಿವೆಯ ತೋಟಗಳಲ್ಲಿ ಮಂಜು ಕರಗಿ ಬಿಸಿಲು ನೆಲ ಮುಟ್ಟುವಾಗ ಒಂಬತ್ತು, ಹತ್ತು ಗಂಟೆಯಾದೀತು. ಸಂಜೆ ನಾಲ್ಕೂವರೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಹೀಗಾಗಿ ಒಣಹವೆಯ ದಿನವೆಂದರೂ ನಮಗೆ ದಕ್ಕುವುದು ಆರೇಳು ಗಂಟೆಯ ಬಿಸಿಲು ಮಾತ್ರ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಒಳ್ಳೆಯ ಬಿಸಿಲಿನಲ್ಲಿ ಪಾರ್ಚ್‌ಮೆಂಟ್ ಒಣಗಲು 7ರಿಂದ 10 ದಿನ ಬೇಕು, ಚೆರಿಗೆ 12ರಿಂದ 15 ದಿನ. ಬೇಯಿಸಿದ ಕೆಂಪಡಿಕೆಗೆ ಸುಮಾರು ಒಂದು ವಾರ. ಚಾಲಿಗಂತೂ ನಲವತ್ತು ದಿನದ ಮಾತು. ಮುನ್ಸೂಚನೆ ಇರುವುದು ಐದು ದಿನಕ್ಕೆ. ಅಂದಮೇಲೆ ಒಣಹವೆಯ ಮೊದಲ ದಿನ ಕೊಯ್ದ ಹಣ್ಣು ಆ ಒಣಹವೆಯಲ್ಲೇ ಒಣಗಿ ಮುಗಿಯುವುದಿಲ್ಲ. ಆ ವಾರದಿಂದ ಪೂರ್ಣ ಲಾಭ ಸಿಗುವುದು ಆಗಲೇ ಕಣದಲ್ಲಿ ಬಿದ್ದು ಅರೆ ಒಣಗಿರುವ ಮಾಲಿಗೆ. ಅದನ್ನು ಬದಿಗೆ ತಳ್ಳಿ ಹೊಸ ಹಣ್ಣು ಹರಡಿದರೆ ಎರಡೂ ಕೆಡುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೆಳ್ಳಗೆ ಹರಡಿದರೆ ನಿಮ್ಮ ಕಣ 30 ಮೂಟೆ ಹಣ್ಣು ಹಿಡಿಯುತ್ತದೆ, ಒಣಗಲು 15 ದಿನ ಬೇಕು. ಆಗ ಸರಾಸರಿ ದಿನಕ್ಕೆ 2 ಮೂಟೆ ಆ ಕಣದ ಶಕ್ತಿ. ಒಣಗುತ್ತ ಹಣ್ಣು ಕುಗ್ಗುವುದರಿಂದ ಇನ್ನೂ ಸ್ವಲ್ಪ ಸೇರಿಸಬಹುದು. ಅದು ಬಿಟ್ಟು ಒಂದೇ ವಾರದಲ್ಲಿ 40 ಮೂಟೆ ತಂದು ಸುರಿದರೆ ಹರಡುವ ಬದಲು ರಾಶಿ ಹಾಕಬೇಕಾಗುತ್ತದೆ. ರಾಶಿ ಹಾಕಿದ ಹಣ್ಣು ಕಾವೇರಿ ಹುಳಿಯುತ್ತದೆ. ಪಾರ್ಚ್‌ಮೆಂಟಿನ ತೇವಾಂಶ ನೂರಕ್ಕೆ 10, ಅರೇಬಿಕಾ ಚೆರಿಯದು 10.5, ರೋಬಸ್ಟಾ ಚೆರಿಯದು 11ಕ್ಕೆ ಇಳಿಯುವವರೆಗೆ ಒಣಗಿಸಬೇಕೆಂಬುದು ಕಾಫಿ ಮಂಡಳಿ ನಮಗೆ ಹೇಳುತ್ತಲೇ ಬಂದಿರುವ ಮಾತು. ವಾಸನೆ ಹತ್ತಿದ ಮಾಲಿಗೆ ದರ ಕಡಿತವಾದಾಗ ವ್ಯಾಪಾರಿಯನ್ನು ದೂರಿ ಫಲವಿಲ್ಲ.

"ಆಳು ಸಿಕ್ಕಾಗ ಕೊಯ್ಯದೆ ಮತ್ತೇನು ಮಾಡುವುದು? ಹಣ್ಣು ಉದುರಿಹೋಗುವುದಿಲ್ಲವೇ?" ಎಂದು ಹಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಕಾಲದ ಮಳೆಯ ಭಯವೂ ಸುಳ್ಳಲ್ಲ. 2021ರ ನವೆಂಬರಿನ ಮಳೆಯಲ್ಲಿ ಹಣ್ಣು ಗಿಡದಲ್ಲೇ ಒಡೆದು ಉದುರಿದ್ದನ್ನು ಯಾರೂ ಮರೆತಿಲ್ಲ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ದಾಟಿದ ಫೆಂಗಲ್ ಚಂಡಮಾರುತ, ಡಿಸೆಂಬರಿನ ಮೊದಲ ದಿನಗಳಲ್ಲಿ ನಮ್ಮ ಕಣಗಳನ್ನೂ ತೋಯಿಸಿತು. ಆದರೆ ಒಂದನ್ನು ಗಮನಿಸಿ: ಫೆಂಗಲ್ ದಡ ಮುಟ್ಟುವುದಕ್ಕೆ ಎಷ್ಟೋ ದಿನ ಮೊದಲೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ಸುದ್ದಿ ಬಂದಿತ್ತು. ಈ ತಿಂಗಳುಗಳಲ್ಲಿ ನಮ್ಮ ಮಳೆ ಬರುವುದು ಮೂಡಲಿಂದ. ಆದ್ದರಿಂದ ಜಿಲ್ಲೆಯ ಮುನ್ಸೂಚನೆಯ ಜೊತೆಗೆ ಕೊಲ್ಲಿಯ ವರದಿಯನ್ನೂ ಕೇಳಿ. ಅಲ್ಲಿ ಕುಸಿತ ಕಂಡರೆ ಹೊಸ ಕೊಯ್ಲು ನಿಲ್ಲಿಸಿ, ಕಣದ ಮಾಲನ್ನು ಮೊದಲು ಭದ್ರಪಡಿಸಿ. ಗಿಡದಲ್ಲಿರುವ ಹಣ್ಣಿನಲ್ಲಿ ಒಂದಿಷ್ಟು ನಷ್ಟವಾದರೂ, ಕೂಲಿ ಕೊಟ್ಟು ಕೊಯ್ದ ಹಣ್ಣು ಕಣದಲ್ಲಿ ಕೊಳೆತರೆ ಬೆಳೆಯೂ ಹೋಯಿತು, ಕೂಲಿಯೂ ಹೋಯಿತು.

ಆಳಿನ ಸಮಸ್ಯೆಯನ್ನು ಒಬ್ಬೊಬ್ಬರೇ ಬಗೆಹರಿಸಿಕೊಳ್ಳಲಾರೆವು. ಎಲ್ಲರೂ ಒಂದೇ ವಾರ ಕೊಯ್ಲಿಗೆ ನಿಂತರೆ ಕೂಲಿ ಏರುತ್ತದೆ. ಎರಡು, ಮೂರು ಎಕರೆಯವನಿಗೆ ಆಳೇ ಸಿಗುವುದಿಲ್ಲ. ಸಹಕಾರ ಎಂಬ ಪದ ನಮ್ಮ ಫಲಕದ ಮೇಲೆ ಇರುವುದು ಇಂಥ ಹೊತ್ತಿಗಾಗಿಯೇ. ನನ್ನ ಸಲಹೆ ಇಷ್ಟು. ಒಂದೊಂದು ಊರಿನವರು ಕೂತು ಕೊಯ್ಲಿನ ಸರದಿ ಗೊತ್ತುಮಾಡಿಕೊಳ್ಳಿ. ಪಲ್ಪರ್ ಇರುವವರು ನೆರೆಯವರ ಹಣ್ಣನ್ನೂ ಅಂದಂದೇ ಪಲ್ಪ್ ಮಾಡಿಕೊಟ್ಟರೆ ಕಣದ ದಿನಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ರೋಬಸ್ಟಾ ಮಾತ್ರ ಇರುವವರ ಸಿಮೆಂಟ್ ಕಣ ಜನವರಿಯವರೆಗೆ ಖಾಲಿಯೇ ಇರುತ್ತದೆ; ಅದನ್ನು ಅರೇಬಿಕಾದವರಿಗೆ ಬಿಟ್ಟುಕೊಡಿ. ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಗಳನ್ನೂ ಮುನ್ಸೂಚನೆಯನ್ನೂ ರಾಜ್ಯದ ವರುಣಮಿತ್ರ ಸಹಾಯವಾಣಿಯಿಂದ ಕೇಳಿ ತಿಳಿಯಿರಿ.

ಒಣಹವೆಯ ಒಂದು ವಾರವನ್ನು ಯಾರೂ ನಮಗಾಗಿ ಲಂಬಿಸಿ ಕೊಡಲಾರರು. ಕಣದಲ್ಲಿರುವುದನ್ನು ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಿ, ಖಾಲಿಯಾದ ಜಾಗಕ್ಕೆ ತಕ್ಕಷ್ಟೇ ಕೊಯ್ಯಿರಿ. ಈ ವಿಷಯವಾಗಿ ಸದಸ್ಯರು ತಮ್ಮ ಊರಿನ ಅನುಭವವನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಕಾರ್ಯದರ್ಶಿ